ಎರಡು ಒಂಬತ್ತಾದ ಬಗೆ

ಫೆಬ್ರವರಿ 3, ಸೋಮವಾರ

ಇವತ್ತೂ ಏಪ್ರನ್ ನನ್ನ ಮೈಮೇಲೇ.

ಈ ಲ್ಯಾಬಿನ ಪದ್ಧತಿ ಹೀಗೆ. ನಾವು ಕಟ್ಟುತ್ತಿರುವ ಯಂತ್ರದ ಕೈಯಲ್ಲಿ ಮೊಟ್ಟೆ ಒಡೆದರೆ, ಯಾರ ಕೋಡಿನಿಂದ ಒಡೆಯಿತೋ ಅವರು ಹಳದಿ ಏಪ್ರನ್ ಕಟ್ಟಿಕೊಂಡು ನೆಲ ಒರೆಸಬೇಕು. ಇನ್ನೊಬ್ಬರು ತಪ್ಪು ಮಾಡುವ ತನಕ ಲ್ಯಾಬಿಗೆ ಬಂದಾಗಲೆಲ್ಲ ಅದನ್ನು ಹಾಕಿಕೊಂಡೇ ಇರಬೇಕು. ಒಗೆಯುವಂತಿಲ್ಲ. ಮೊದಲು ಅದು ಬಿಳಿ ಇತ್ತಂತೆ.

ಗಂಟು ಹಾಕುವ ಹಕ್ಕು ಕ್ಯಾಪ್ಟನ್ ಅವರದ್ದು. ಅವರು ಫೈನಲ್ ಇಯರ್, ತಂಡ ನಡೆಸುವವರು. ಬೆನ್ನ ಹಿಂದೆ ನಿಂತು ಎರಡು ಗಂಟು ಹಾಕುತ್ತಾರೆ. ಎರಡನೆಯದನ್ನು ಉಸಿರು ಸಿಕ್ಕಿಕೊಳ್ಳುವ ಹಾಗೆ ಎಳೆಯುತ್ತಾರೆ.

"ಸಾರಿ ಸರ್," ಅಂದೆ.

"ಗೊತ್ತು. ನಿನ್ನ ಹೆಸರೇ ಅದು."

ಹೌದು, ಈಗ ನನ್ನ ಹೆಸರೇ ಅದು. "ಏಯ್ ಸಾರಿ, ಬಕೆಟ್ ತಗೊಂಡು ಬಾ." "ಸಾರಿನ ಕೇಳಿ, ಅವಳೇ ಒಡೆದಿರ್ತಾಳೆ." ಬಿರುಕು ಬಿಟ್ಟ ಮೊಟ್ಟೆಗಳು ಮೆಸ್ಸಿಗೆ ಹೋಗುತ್ತವೆ. ರಾತ್ರಿ ಊಟಕ್ಕೆ ತಟ್ಟೆ ಹಿಡಿದು ಹೋದರೆ ಯಾರೋ, "ಬಂದ್ರು ನೋಡಿ, ಇವತ್ತಿನ ಆಮ್ಲೆಟ್ ಪ್ರಾಯೋಜಕರು," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ.

ಮಾರ್ಚಿನಲ್ಲಿ ಪ್ರದರ್ಶನ. ಅದು ಮುಗಿದ ಮೇಲೆ ಇಬ್ಬರು ಫಸ್ಟ್ ಇಯರ್‌ಗಳಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತೇನೆ ಎಂದು ಲ್ಯಾಬ್ ಮೇಡಂ ಹೇಳಿದ್ದಾರೆ. ಖಾಲಿ ಇರುವುದು ಒಂದೇ ಬೆಂಚು. ಇನ್ನೊಬ್ಬಳು ಜಿರಾಫೆ, ನನ್ನ ರೂಮ್‌ಮೇಟ್. ಕತ್ತು ಉದ್ದ, ಅದಕ್ಕೆ ಆ ಹೆಸರು. ಅವಳಿಗೆ ಬೇಜಾರೇ ಇಲ್ಲ.

ಬೆಂಚಿಗೆ ಒಂದು ಡ್ರಾಯರ್ ಇದೆ. ಅದರ ಮೇಲೆ ಕೂರುವವರ ಹೆಸರು ಅಂಟಿಸುತ್ತಾರೆ. ಆರನೇ ವಯಸ್ಸಿನಿಂದ ನಾನು ಹಾಸ್ಟೆಲಿನಲ್ಲೇ ಬೆಳೆದವಳು. ಅಮ್ಮ ರೈಲಿನಲ್ಲಿ ಟಿಕೆಟ್ ತಪಾಸಣೆ, ಅಪ್ಪ ಗೂಡ್ಸ್ ಗಾಡಿಯ ಗಾರ್ಡ್. ಇಬ್ಬರೂ ಒಂದೇ ದಿನ ಮನೆಯಲ್ಲಿದ್ದದ್ದು ಕಮ್ಮಿ. ಬಕೆಟ್ಟು, ಮಂಚ, ತಟ್ಟೆ, ಎಲ್ಲದರ ಮೇಲೂ ನಂಬರು. ನನ್ನ ಹೆಸರು ಅಂಟಿಸಿದ ವಸ್ತು ಅಂತ ಎಲ್ಲೂ ಇದ್ದದ್ದಿಲ್ಲ. ನನಗೆ ಆ ಡ್ರಾಯರ್ ಬೇಕು.

ಇನ್ನೊಂದು ವಿಷಯ. ಈ ಲ್ಯಾಬಿನಲ್ಲಿ ಯಾವತ್ತಾದರೂ ನನ್ನ ಮಾತು ನಡೆಯುವ ಹಾಗಾದರೆ ಮೊದಲು ಈ ಏಪ್ರನ್ನಿಗೆ ಬೆಂಕಿ ಇಡುತ್ತೇನೆ. ಬರೆದಿಟ್ಟಿದ್ದೇನೆ. ಅದೂ ಅಮ್ಮನ ಭಾಷೆಯಲ್ಲಿ. ಇದು ಸ್ಕೂಲ್ ಹಾಸ್ಟೆಲಿನ ಅಭ್ಯಾಸ. ಅಲ್ಲಿಯ ವಾರ್ಡನ್‌ಗೆ ಇಂಗ್ಲಿಷ್ ಮಾತ್ರ ಓದಲು ಬರುತ್ತಿತ್ತು.

ಫೆಬ್ರವರಿ 5, ಬುಧವಾರ

ಇವತ್ತಿನದನ್ನು ಸಮಾಧಾನವಾಗಿ ಬರೆಯಬೇಕು.

ನಮ್ಮದು ಮೊಟ್ಟೆ ವಿಂಗಡಿಸುವ ಯಂತ್ರ. ಬೆಲ್ಟಿನ ಮೇಲೆ ಮೊಟ್ಟೆ ಬರುತ್ತದೆ. ಕ್ಯಾಮೆರಾ ಅದರ ಗಾತ್ರ ಅಳೆಯುತ್ತದೆ. ಯಂತ್ರದ ಕೈ ಅಷ್ಟೇ ಅಗಲಕ್ಕೆ ಬೆರಳು ಮುಚ್ಚಿ, ಎತ್ತಿ, ಅದರ ಟ್ರೇಗೆ ಇಡುತ್ತದೆ. ಪರದೆಯ ಮೇಲೆ ಲೆಕ್ಕ ಮೂಡುತ್ತದೆ. ಕೈ ಕ್ಯಾಪ್ಟನ್ ಅವರದ್ದು, ಕ್ಯಾಮೆರಾ ಜಿರಾಫೆಯದ್ದು, ಪರದೆ ನನ್ನದು. ಎಲ್ಲವೂ ಓಡುವುದು ಒಂದೇ ಪುಟ್ಟ ಬೋರ್ಡಿನಲ್ಲಿ. ಆ ಬೋರ್ಡು ಒಂದು ಹೊತ್ತಿಗೆ ಒಂದೇ ಕೆಲಸ ಮಾಡಬಲ್ಲದು. ಅದಕ್ಕೇ ಪ್ರತಿ ಕೆಲಸಕ್ಕೂ, ಅಂದರೆ ಪ್ರತಿ ಥ್ರೆಡ್ಡಿಗೂ, ಒಂದೊಂದು ಪ್ರಯಾರಿಟಿ. ಕೈ ಒಂಬತ್ತು, ಕ್ಯಾಮೆರಾ ಆರು, ನನ್ನ ಪರದೆ ಎರಡು. ದೊಡ್ಡ ನಂಬರಿನವರು ಬಂದರೆ ಚಿಕ್ಕ ನಂಬರಿನವರು ಕೆಲಸ ಅರ್ಧಕ್ಕೆ ಬಿಟ್ಟು ಪಕ್ಕಕ್ಕೆ ಸರಿಯಬೇಕು. ನನಗಿಂತ ಕೆಳಗಿರುವುದು ಏನೂ ಮಾಡದೆ ಸುಮ್ಮನೆ ಕೂರುವ ಥ್ರೆಡ್ ಒಂದೇ.

ಇವತ್ತು ಮತ್ತೆ ಮೊಟ್ಟೆ ಒಡೆದ ಕೂಡಲೇ ಕ್ಯಾಪ್ಟನ್ ಬೋರ್ಡು ನಿಲ್ಲಿಸಿ ಒಳಗೆ ನೋಡಿದರು. ನನ್ನ ಥ್ರೆಡ್ಡಿನ ಪ್ರಯಾರಿಟಿ ಒಂಬತ್ತಾಗಿತ್ತು. ಕೈಗೆ ಸರಿಸಮ. ಬೆರಳು ನಿಲ್ಲಬೇಕಾದ ಗಳಿಗೆಯಲ್ಲಿ ಬೋರ್ಡು ನನ್ನ ಪರದೆಗೆ ಬಣ್ಣ ಬಳಿಯುತ್ತಾ ಕೂತಿತ್ತು.

"ಇದನ್ನ ಒಂಬತ್ತು ಮಾಡಿದ್ದು ಯಾರು?"

"ಗೊತ್ತಿಲ್ಲ ಸರ್. ನಾನು ಹಾಕಿದ್ದು ಎರಡೇ."

"ಹಾಗಾದ್ರೆ ದೆವ್ವ ಬಂದು ಮಾಡಿರ್ಬೇಕು."

"ಸಾರಿ ಸರ್, ನನ್ನ ಕೋಡ್ ನೋಡಿ. ಪ್ರಯಾರಿಟಿ ಬದಲಾಯಿಸೋ ಸಾಲೇ ಇಲ್ಲ."

"ಈಗ ಇಲ್ಲ. ಬೆಳಗ್ಗೆ ಇತ್ತೇನೋ. ಪರದೆ ಚೆಂದ ಕಾಣ್ಲಿ ಅಂತ ಏರಿಸಿಕೊಳ್ಳೋದು, ಸಿಕ್ಕಿಬಿದ್ದಾಗ ಅಳಿಸೋದು. ಹೋದ ವರ್ಷ ಒಬ್ಬ ಇದನ್ನೇ ಮಾಡಿದ. ಈಗ ಎಲ್ಲಿದಾನೆ ಕೇಳು."

ಯಾರೂ ಕೇಳಲಿಲ್ಲ. ಆಗ ಜಿರಾಫೆ ಬಾಯಿ ಬಿಟ್ಟಳು. "ಇವಳು ಏರಿಸಿಕೊಳ್ಳೋಳಲ್ಲ ಸರ್. ಬಚ್ಚಲಲ್ಲಿ ನಲ್ಲಿ ತಿರುಗಿಸೋಕೂ ಪರ್ಮಿಷನ್ ಕೇಳ್ತಾಳೆ."

ಮತ್ತೆ ನಗು. ಅವಳು ನನ್ನ ಪರವಾಗಿ ಹೇಳಿದ್ದು ಅಂತ ಗೊತ್ತು. ಆದರೂ ನೆಲ ಒರೆಸುವಾಗ ಅವಳ ಮುಖ ನೋಡಲಾಗಲಿಲ್ಲ. ಒರೆಸಲು ಅವಳೂ ಕೂತಳು. ಬೇಡ ಅಂದರೂ ಕೇಳಲಿಲ್ಲ.

ಫೆಬ್ರವರಿ 9, ಭಾನುವಾರ

ಅಮ್ಮನ ಫೋನು. ಹಿಂದೆ ರೈಲಿನ ಸದ್ದು.

"ಊಟ ಆಯ್ತಾ?"

"ಆಯ್ತಮ್ಮ. ಸಾರಿ, ನಾನೇ ಮಾಡಬೇಕಿತ್ತು ಫೋನ್."

"ಅದಕ್ಕೆ ಯಾಕೆ ಸಾರಿ? ಟಿಕೆಟ್ ಇದ್ದೂ ಹೆದರಿ ಬಾತ್‌ರೂಮಲ್ಲಿ ಬಚ್ಚಿಟ್ಟುಕೊಳ್ಳೋ ಜನ ಇದಾರೆ ಕಣೇ. ನೀನು ಅವರ ಜಾತಿ. ಟಿಕೆಟ್ ಇದೆಯಲ್ಲ ನಿನ್ನ ಹತ್ರ? ತೋರಿಸು, ಕೂತ್ಕೋ."

ಏಪ್ರನ್ ವಿಷಯ ಹೇಳಲಿಲ್ಲ.

ಫೆಬ್ರವರಿ 12, ಬುಧವಾರ

ಪರದೆಯ ಮೂಲೆಯಲ್ಲಿ ನನ್ನದೇ ಪ್ರಯಾರಿಟಿ ತೋರಿಸುವ ಹಾಗೆ ಮಾಡಿದೆ, ಚಿಕ್ಕ ಅಕ್ಷರದಲ್ಲಿ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತಾ ಕೂತೆ. ಎರಡು, ಎರಡು, ಎರಡು. ಒಮ್ಮೆ ಒಂಬತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಎರಡು.

ನಾನು ಏನೂ ಮುಟ್ಟಿರಲಿಲ್ಲ.

ಮ್ಯಾನುಯಲ್ ಓದಿದೆ. ಯಾರೂ ಓದದ ಅಧ್ಯಾಯ ಅದು. ಕೈ, ಕ್ಯಾಮೆರಾ, ಪರದೆ ಮೂರೂ ಬಳಸುವ ಒಂದು ತಂತಿ ಇದೆ. ಇಬ್ಬರು ಒಟ್ಟಿಗೆ ಅದನ್ನು ಬಳಸಬಾರದು, ಅದಕ್ಕೇ ಲಾಕ್: ಹಿಡಿದವರು ಬಿಡುವ ತನಕ ಉಳಿದವರು ಕಾಯಬೇಕು. ನನ್ನ ಥ್ರೆಡ್ ಲಾಕ್ ಹಿಡಿದಿದ್ದಾಗ ಕೈ ಬಂದು ಕಾಯುತ್ತಾ ನಿಂತರೆ, ಸಿಸ್ಟಂ ಏನು ಮಾಡುತ್ತದೆ? ಕಾಯುವವನ ಒಂಬತ್ತನ್ನು ನನಗೆ ಸಾಲ ಕೊಡುತ್ತದೆ. ಬೇಗ ಮುಗಿಸಿ ಹೊರಗೆ ಬಾ ಅಂತ. ಲಾಕ್ ಬಿಟ್ಟ ಕೂಡಲೇ ವಾಪಸ್ ಕಿತ್ತುಕೊಳ್ಳುತ್ತದೆ.

ರಜೆಯಲ್ಲಿ ಅಪ್ಪನ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಹೋಗುತ್ತಿದ್ದಾಗ ಇದನ್ನೇ ನೋಡಿದ್ದೆ. ಹಿಂದೆ ಎಕ್ಸ್‌ಪ್ರೆಸ್ ಬರುತ್ತಿದ್ದರೆ ನಮ್ಮ ಕಲ್ಲಿದ್ದಲಿನ ಗಾಡಿಗೆ ಎಲ್ಲ ಕಡೆ ಹಸಿರು ದೀಪ. ರಾಜಮರ್ಯಾದೆ. ಪಕ್ಕದ ಹಳಿಗೆ ಸರಿದ ಮೇಲೆ ಎಕ್ಸ್‌ಪ್ರೆಸ್ ಭರ್ರನೆ ಹೋಗುತ್ತಿತ್ತು, ನಾವು ಮತ್ತೆ ಕಲ್ಲಿದ್ದಲು.

ಹಾಗಾದರೆ ಒಂಬತ್ತು ಬರುವುದು ತಪ್ಪಲ್ಲ. ವಾಪಸ್ ಹೋಗದೆ ಉಳಿಯುವುದು ತಪ್ಪು. ಯಾಕೆ ಉಳಿಯುತ್ತದೆ?

ಫೆಬ್ರವರಿ 13, ಗುರುವಾರ

ಮತ್ತೆ ಒಡೆಯಿತು. ಒಂಬತ್ತರಲ್ಲೇ ನಿಂತಿತ್ತು. ಸಾಲದ ವಿಷಯ ಹೇಳಲು ಹೋದೆ. "ಓಹೋ, ಸಿಸ್ಟಮ್ಮಿಗೆ ಇವಳ ಮೇಲೆ ಪ್ರೀತಿ," ಅಂದರು ಕ್ಯಾಪ್ಟನ್. ಬರೆಯಲು ಮನಸ್ಸಿಲ್ಲ.

ಫೆಬ್ರವರಿ 18, ಮಂಗಳವಾರ

ಬೆಳಗ್ಗೆ ಮೇಡಂ ಎದುರಿಗೇ ಕ್ಯಾಪ್ಟನ್ ಹೇಳಿಬಿಟ್ಟರು. "ಪರದೆ ತೆಗೆದುಬಿಡೋಣ ಮೇಡಂ. ಅವಳನ್ನೂ. ಅವಳಿಂದ ಎಲ್ಲರ ಕೆಲಸ ನಿಂತಿದೆ."

ನೆಲ ನೋಡುತ್ತಾ ನಿಂತೆ. ಡ್ರಾಯರ್ ಕಣ್ಣ ಮುಂದೆ ಬಂತು. ಆಮೇಲೆ ಏನಾಯಿತೋ, ಬಾಯಿಂದ ಮಾತು ತಾನಾಗಿ ಬಂತು. ಸಾಲ ಬರುವುದು, ಕೆಲವು ಸಲ ವಾಪಸ್ ಹೋಗದಿರುವುದು, ಅದು ಯಾವಾಗ ಅಂತ ಹಿಡಿಯಬೇಕಾದರೆ ಕೈಯ ಕೋಡನ್ನೂ ನೋಡಬೇಕು, ನನಗೆ ಅನುಮತಿ ಇಲ್ಲ. ಮೇಡಂ ಕನ್ನಡಕ ಒರೆಸುತ್ತಾ ಪೂರ್ತಿ ಕೇಳಿದರು.

"ಎಲ್ಲರೂ ಇವಳಿಗೋಸ್ಕರ ಕಾಯ್ತಾ ಇದೀರಿ ಅಲ್ವಾ? ಹಾಗಾದ್ರೆ ಇವಳಿಗೆ ದಾರಿ ಬಿಡಿ. ಕ್ಯಾಪ್ಟನ್, ನಿನ್ನ ಕೋಡು ತೋರಿಸು, ಲ್ಯಾಬಿನ ಬೀಗದಕೈನೂ ಇವಳಿಗೆ ಕೊಡು. ನಾನು ನಾಳೆಯಿಂದ ಟ್ರೈನಿಂಗಿಗೆ ಹೋಗ್ತೀನಿ, ಪ್ರದರ್ಶನದ ದಿನಾನೇ ಬರೋದು. ಇದು ಸಿಗೋವರೆಗೆ ಲ್ಯಾಬಲ್ಲಿ ಇವಳ ಮಾತೇ ನಡೀಲಿ. ಏಪ್ರನ್ನೂ ಬಿಚ್ಚು, ನೋಡೋಕಾಗಲ್ಲ." ನನ್ನ ಕಡೆ ತಿರುಗಿ, "ಸಿಕ್ಕಿದ ದಿನ ಬೀಗದಕೈ ವಾಪಸ್ ಕೊಟ್ಬಿಡಮ್ಮ," ಅಂದರು.

ಬೀಗದಕೈ ನಾನಂದುಕೊಂಡದ್ದಕ್ಕಿಂತ ಭಾರ. ಕ್ಯಾಪ್ಟನ್ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಎಸೆದರು. ನಾನು ಎತ್ತಿಕೊಂಡೆ. ಸಾರಿ ಅನ್ನಲು ಮರೆತೇ ಹೋಯಿತು.

ಫೆಬ್ರವರಿ 20, ಗುರುವಾರ

ಸಿಕ್ಕಿತು.

ಮೊದಲು ತಪ್ಪನ್ನು ಬೇಕೆಂದಾಗ ಬರುವ ಹಾಗೆ ಮಾಡಬೇಕಿತ್ತು. ನನ್ನ ಥ್ರೆಡ್ ಲಾಕ್ ಹಿಡಿದ ಮೇಲೆ ಬೇಕೆಂದೇ ತಡ ಮಾಡುವ ಹಾಗೆ ಒಂದು ಸಾಲು ಸೇರಿಸಿದೆ. ಆಗ ಕೈ ಪ್ರತಿ ಸಲ ಬಂದು ಕಾಯಲೇಬೇಕು. ಮೊದಲು ಮೊಟ್ಟೆಯ ಬದಲು ಜಿರಾಫೆಯ ಕಾಲುಚೀಲ ಉಂಡೆ ಮಾಡಿ ಇಟ್ಟೆವು. ಕ್ಯಾಮೆರಾ ಅದನ್ನು ಅತಿ ದೊಡ್ಡ ಮೊಟ್ಟೆ ಎಂದು ಹೇಳಿತು. "ಎಷ್ಟಾದ್ರೂ ಜಿರಾಫೆ ಮೊಟ್ಟೆ," ಅಂದಳು ಅವಳು. ಆಮೇಲೆ ನಿಜವಾದ ಮೊಟ್ಟೆ ಬೇಕಾಯಿತು. ಟ್ರೇ ಖಾಲಿ.

"ಇನ್ನೊಂದು ಟ್ರೇ ಬೇಕು," ಅಂದೆ ಕ್ಯಾಪ್ಟನ್ ಕಡೆ ನೋಡಿ.

"ನಾನು ತರಬೇಕಾ?"

"ಮೇಡಂ ಹೇಳಿದ್ದು ಕೇಳಿಸಿಕೊಂಡಿರಲ್ಲ."

ತಂದರು. ಮೆಟ್ಟಿಲು ಹತ್ತುವಾಗ ಅವರ ಕಿವಿ ಕೆಂಪಾಗಿತ್ತು.

ವಿಷಯ ಇಷ್ಟು. ಕ್ಯಾಪ್ಟನ್ ಬರೆದ ಒಂದು ಫಂಕ್ಷನ್, ಅಂದರೆ ಕೋಡಿನ ತುಣುಕು, ಇದೆ, ಎಲ್ಲರೂ ಬಳಸಲೇಬೇಕು ಅಂತ ಅವರ ಕಟ್ಟಪ್ಪಣೆ. ಪರದೆಗೆ ಬರೆಯುವಾಗ ಅದು ನನ್ನನ್ನು ಸ್ವಲ್ಪ ಹೊತ್ತು ಐದಕ್ಕೆ ಏರಿಸುತ್ತದೆ, ಮುಗಿದ ಮೇಲೆ ಮೊದಲಿದ್ದಲ್ಲಿಗೆ ಇಳಿಸುತ್ತದೆ. ಒಳ್ಳೆಯ ಉದ್ದೇಶವೇ. ಆದರೆ ಮೊದಲು ಎಲ್ಲಿದ್ದೆ ಅಂತ ಅದಕ್ಕೆ ಹೇಗೆ ಗೊತ್ತು? ಏರಿಸುವ ಮುಂಚೆ, "ಈಗ ನಿನ್ನ ನಂಬರೆಷ್ಟು?" ಅಂತ ಕೇಳಿ ನೆನಪಿಟ್ಟುಕೊಳ್ಳುತ್ತದೆ. ಹಾಗೆ ಕೇಳುವ ಗಳಿಗೆಯಲ್ಲಿ ನನ್ನ ಮೈಮೇಲೆ ಸಾಲದ ಒಂಬತ್ತು ಇದ್ದರೆ, ಒಂಬತ್ತೇ ನನ್ನ ಸ್ವಂತದ್ದು ಅಂದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಂಬತ್ತನ್ನೇ ನನ್ನ ಹೆಸರಿಗೆ ಬರೆದುಬಿಡುತ್ತದೆ. ಆಮೇಲೆ ಕಾಯುವವರು ಇರಲಿ ಬಿಡಲಿ, ನಾನು ಒಂಬತ್ತೇ.

ಕೇಳಬೇಕಾದದ್ದು ಈಗೆಷ್ಟು ಅಂತಲ್ಲ. ಮೂಲದಲ್ಲಿ ಎಷ್ಟು ಅಂತ. ಅಷ್ಟೇ ವ್ಯತ್ಯಾಸ.

ಅಷ್ಟೂ ವಾರ ನಾನು ನೆಲ ಒರೆಸಿದ್ದು ಅವನ ತಪ್ಪಿಗೆ.

ಫೆಬ್ರವರಿ 21, ಶುಕ್ರವಾರ

ಎಲ್ಲರನ್ನೂ ನಿಲ್ಲಿಸಿಕೊಂಡು ತೋರಿಸಿದೆ. ತಡ ಮಾಡುವ ಸಾಲು ಹಾಕಿದೆ, ಫಂಕ್ಷನ್ ಕರೆಸಿದೆ, ಮೂಲೆಯಲ್ಲಿ ಒಂಬತ್ತು ಬಂದು ನಿಂತಿತು. ಮೊಟ್ಟೆ ಒಡೆಯಿತು. ಫಂಕ್ಷನ್ನಿನಲ್ಲಿ ಒಂದು ಸಾಲು ತಿದ್ದಿದೆ. ಒಂಬತ್ತು ಬಂತು, ಹೋಯಿತು. ಮೊಟ್ಟೆ ಉಳಿಯಿತು.

ನಾನು ಏಪ್ರನ್ ತಂದೆ.

"ಕಟ್ಟು, ಕಟ್ಟು," ಅಂದ ಕ್ಯಾಪ್ಟನ್, ಬೆನ್ನು ತಿರುಗಿಸಿ ನಿಂತು. ಜಗಳ ಆಡುತ್ತಾನೆ ಅಂದುಕೊಂಡಿದ್ದೆ. ಆಡಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು. ಎರಡು ಗಂಟು ಹಾಕಿದೆ.

"ಸಾರಿ," ಅಂದ.

ಜಿರಾಫೆ ಆಮೇಲೆ ರೂಮಿನಲ್ಲಿ ಕೇಳಿದಳು. "ಸುಟ್ಟುಬಿಡ್ತೀನಿ ಅಂತಿದ್ದೆಯಲ್ಲ, ಅದನ್ನ?"

"ಅವನು ಒಂದು ವಾರ ಹಾಕ್ಕೊಳ್ಳಲಿ. ಆಮೇಲೆ ಸುಟ್ಟರಾಯ್ತು."

"ಬೀಗದಕೈ?"

"ಮೇಡಂ ಬಂದ ಮೇಲೆ ಅವರ ಕೈಗೇ ಕೊಡ್ತೀನಿ. ಇವನ ಕೈಗೆ ಯಾಕೆ ಕೊಡಲಿ?"

ಅವಳು ಕಾಲುಚೀಲ ಒಗೆಯಲು ಹೋದಳು.

ಫೆಬ್ರವರಿ 27, ಗುರುವಾರ

ಎರಡಕ್ಕೆ ಇಳಿದ ಮೇಲೆ ಪರದೆ ನೋಡಲಾಗುವುದಿಲ್ಲ. ಅಂಕಿಗಳು ತಡವರಿಸುತ್ತವೆ, ಅಂಚಿನಲ್ಲಿ ಮಿನುಗುತ್ತದೆ. ಒಂಬತ್ತರಲ್ಲಿದ್ದಾಗ ನೀರು ಹರಿದ ಹಾಗಿತ್ತು. ತಪ್ಪು ತಪ್ಪೇ, ಆದರೆ ಚೆಂದವಂತೂ ಇತ್ತು. ಪ್ರದರ್ಶನಕ್ಕೆ ಬರುವವರು ಮೊದಲು ನೋಡುವುದು ಪರದೆಯನ್ನೇ, ಒಳಗಿನ ನಂಬರನ್ನಲ್ಲ.

ಏಳು ಹಾಕಿದೆ. ಕೈಗಿಂತ ಎರಡು ಕೆಳಗೇ ಇದೆ. ಕೈಗೆ ತೊಂದರೆಯಿಲ್ಲ. ಇದು ಏರಿಸಿಕೊಳ್ಳುವುದಲ್ಲ, ಹೊಂದಿಸುವುದು. ಪ್ರದರ್ಶನ ಮುಗಿದ ಮೇಲೆ ಎರಡು ಮಾಡುತ್ತೇನೆ.

ಈಗ ಯಾರೂ ನನ್ನನ್ನು ಸಾರಿ ಅಂತ ಕರೆಯುವುದಿಲ್ಲ. ಬೆಳಗ್ಗೆ ಬೀಗ ತೆಗೆಯಲು ಸ್ವಲ್ಪ ತಡವಾಯಿತು. ಹೋದರೆ ಬಾಗಿಲ ಮುಂದೆ ಎಲ್ಲರೂ ಸಾಲಾಗಿ ಕಾಯುತ್ತಿದ್ದರು. ಏಪ್ರನ್ನಿನವನೂ.

ಮಾರ್ಚ್ 5, ಬುಧವಾರ

ಮೊಟ್ಟೆ ಒಡೆಯಿತು. ದೊಡ್ಡ ಮೊಟ್ಟೆ, ಕೈ ಚಿಕ್ಕದಕ್ಕೆ ಮುಚ್ಚುವಷ್ಟು ಮುಚ್ಚಿತು. ಅಂದರೆ ಅಳತೆ ತಪ್ಪು. ಅಳತೆ ಕೊಡುವುದು ಕ್ಯಾಮೆರಾ. ಕ್ಯಾಮೆರಾ ಜಿರಾಫೆಯದ್ದು.

"ಅಳತೆ ಸರಿಯಾಗೇ ಇದೆ ಕಣೇ," ಅಂದಳು. "ತಡವಾಗಿ ಹೋಗ್ತಿದೆ ಅಷ್ಟೇ. ಹಿಂದಿನ ಮೊಟ್ಟೆ ಅಳತೆಗೆ ಈ ಮೊಟ್ಟೆ ಹಿಡೀತಿದೆ. ನನ್ನ ಥ್ರೆಡ್ಡನ್ನ ಯಾರೋ ಅಡ್ಡಗಟ್ತಿದಾರೆ."

"ಯಾರೋ ಅಂದ್ರೆ? ದೆವ್ವನಾ?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಪರದೆಯ ಮೂಲೆಗೆ ಬಗ್ಗಿ ಕಣ್ಣು ಕಿರಿದು ಮಾಡಿದಳು. ಆ ಕತ್ತಿಗೆ ಎಲ್ಲವೂ ಎಟಕುತ್ತದೆ.

"ಇಲ್ಲಿ ಏಳು ಅಂತ ಇದೆಯಲ್ಲ?"

"ಅದು ನಾನು ಹೊಂದಿಸಿದ್ದು. ಅದರ ಬಗ್ಗೆ ನನಗೆ ಗೊತ್ತು. ನೀನು ನಿನ್ನ ಲೆನ್ಸ್ ಒರೆಸ್ಕೋ."

"ನಂದು ಆರು. ಏಳು ಬಂದ್ರೆ ನಾನು ನಿಲ್ಲಬೇಕಲ್ವಾ?"

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಪ್ರದರ್ಶನಕ್ಕೆ ಇಷ್ಟೇ ದಿನ ಇರುವಾಗ ಲ್ಯಾಬಿನ ಮಧ್ಯೆ ನಿಂತು ಹೀಗೆ ಕೇಳಬಹುದೇ? ಒಂದೇ ಬೆಂಚು ಇರುವುದು ಅಂತ ಅವಳಿಗೂ ಗೊತ್ತು. ಈಗ ತಿಳಿಯಿತು ಅವಳ ಲೆಕ್ಕ. ನೆಲ ಒರೆಸಲು ಬಂದು ಕೂರುತ್ತಿದ್ದದ್ದೂ ಆ ಲೆಕ್ಕದ್ದೇ ಇರಬೇಕು.

"ಸಿಕ್ಕಿಬಿದ್ದಾಗ ಎಲ್ಲರೂ ಇನ್ನೊಬ್ಬರ ನಂಬರ್ ತೋರಿಸ್ತಾರೆ," ಅಂದೆ. ಕ್ಯಾಪ್ಟನ್ ಬೆನ್ನಿನಿಂದ ಏಪ್ರನ್ ಬಿಚ್ಚಿದೆ. ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

ಗಂಟು ಹಾಕುವಾಗ ಅವಳ ಭುಜ ನಡುಗುತ್ತಿತ್ತು. ನಗುತ್ತಿದ್ದಾಳೆ ಅಂದುಕೊಂಡೆ.

ಮಾರ್ಚ್ 9, ಭಾನುವಾರ

ಅಮ್ಮನ ಫೋನು. ಬೀಗದಕೈ ವಿಷಯ ಹೇಳಿದೆ, ತಪ್ಪು ಹಿಡಿದದ್ದು ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಆ ಉದ್ದ ಕತ್ತಿನ ಹುಡುಗಿ ಹೇಗಿದಾಳೆ?"

"ಇದಾಳೆ. ಕೆಲಸದಲ್ಲಿ ಗಮನ ಇಲ್ಲ."

"ನಿನ್ನ ದನಿ ಯಾಕೋ ನಮ್ಮ ಸೂಪರಿಂಟೆಂಡೆಂಟ್ ಥರ ಇದೆ ಇವತ್ತು."

"ನೆಟ್‌ವರ್ಕ್ ಸರಿ ಇಲ್ಲಮ್ಮ."

"ಇರಬಹುದು."

ಮಾರ್ಚ್ 12, ಬುಧವಾರ

ರೂಮಿನಲ್ಲಿ ಜಿರಾಫೆ ಮಾತಾಡುವುದಿಲ್ಲ. ಅವಳ ಬಟ್ಟೆಯಿಂದ ಮೊಟ್ಟೆ ವಾಸನೆ. ಕಿಟಕಿ ತೆಗೆದಿಟ್ಟುಕೊಂಡು ಮಲಗು ಅಂದೆ.

ಮಲಗುವ ಮುಂಚೆ ಒಂದೇ ಒಂದು ಸಲ ಕೇಳಿದಳು. "ಏಳನ್ನ ಎರಡು ಮಾಡಿ ಒಂದ್ಸಲ ಓಡಿಸಿ ನೋಡೋಣ. ಯಾರಿಗೂ ಹೇಳಲ್ಲ. ನಿನಗೂ ನಂಗೂ ಮಾತ್ರ ಗೊತ್ತಾಗ್ಲಿ."

"ಪ್ರದರ್ಶನದ ಹೊತ್ತಲ್ಲಿ ಏನೂ ಮುಟ್ಟಬಾರದು."

"ಆಯ್ತು," ಅಂದಳು. ದೀಪ ಆರಿಸಿದಳು.

ಮಾರ್ಚ್ 14, ಶುಕ್ರವಾರ

ಪ್ರದರ್ಶನ ಚೆನ್ನಾಗಿ ಆಯಿತು. ಮುಂಚಿತವಾಗಿ ಟ್ರೇನಲ್ಲಿ ಒಂದೇ ಗಾತ್ರದ ಮೊಟ್ಟೆಗಳನ್ನು ಆರಿಸಿ ಇಟ್ಟಿದ್ದೆ. ಬಂದವರ ಮುಂದೆ ಮೇಡಂಗೆ ಮುಜುಗರ ಆಗಬಾರದಲ್ಲ. ಒಂದೂ ಒಡೆಯಲಿಲ್ಲ. ಎಲ್ಲರೂ ಪರದೆ ಹೊಗಳಿದರು.

ಮುಗಿದ ಮೇಲೆ ಮೇಡಂ ಚಹಾ ಕುಡಿಯುತ್ತಾ ಲ್ಯಾಬ್ ಸುತ್ತಿದರು. ರೈಲು ಇಳಿದು ನೇರ ಬಂದಿದ್ದರು, ಕಣ್ಣು ಎಳೆಯುತ್ತಿತ್ತು. ಜಿರಾಫೆ ಏಪ್ರನ್ನಿನಲ್ಲಿ ಮೂಲೆಯಲ್ಲಿ ನಿಂತಿದ್ದಳು. "ಅಯ್ಯೋ, ಈ ಸಲ ನೀನಾ?" ಅಂದರು. ಅವಳು ತಲೆಯಾಡಿಸಿದಳು.

"ಬೀಗದಕೈ ಈಗ ಯಾರ ಹತ್ರ ಇದೆ?"

"ನನ್ನ ಹತ್ರ ಮೇಡಂ."

"ಸರಿ, ನಿನ್ನ ಹತ್ರಾನೇ ಇರಲಿ. ಇವನು ಹೇಗೂ ಹೊರಡೋನು." ಹೋಗುತ್ತಾ ಬೋರ್ಡಿನ ಕಡೆ ಕೈ ತೋರಿಸಿದರು. "ಈಗ ಹೇಗೆ ಓಡ್ತಾ ಇದೆಯೋ ಹಾಗೇ ಇಟ್ಬಿಡಿ. ಮುಂದಿನ ವರ್ಷಕ್ಕೂ ಇದೇ ನಂಬರುಗಳು."

ವಾಪಸ್ ಕೊಡಲು ಜೇಬಿಗೆ ಕೈ ಹಾಕಿದ್ದೆ, ನಿಜವಾಗಿಯೂ. ಅವರೇ ಬೇಡ ಅಂದರು.

ಬೆಂಚು ನನಗೆ. ಸಂಜೆ ಡ್ರಾಯರ್ ಮೇಲೆ ಹೆಸರು ಅಂಟಿಸಿದೆ. ಒಂದು ಬದಿ ಎದ್ದಿತ್ತು, ಉ‌ಗುರಿನಲ್ಲಿ ಉಜ್ಜಿ ಉಜ್ಜಿ ಕೂರಿಸಿದೆ.

ಮಾರ್ಚ್ 15, ಶನಿವಾರ

ಜಿರಾಫೆ ಮೇಲಿನ ಮಹಡಿಯ ರೂಮಿಗೆ ಹೋದಳು. ಏಪ್ರನ್ನನ್ನು ಮಡಿಸಿ ನನ್ನ ಮಂಚದ ಮೇಲೆ ಇಟ್ಟಿದ್ದಾಳೆ. ಚೀಟಿ ಗೀಟಿ ಏನೂ ಇಲ್ಲ. ಕೋಣೆಯಲ್ಲಿ ಈಗ ಜಾಗ ಜಾಸ್ತಿ.

ಮೇ 20, ಮಂಗಳವಾರ

ಕ್ಯಾಪ್ಟನ್ ಸಾಮಾನು ತೆಗೆದುಕೊಳ್ಳಲು ಬಂದಿದ್ದ. ಲ್ಯಾಬಿನಲ್ಲಿ ನಾವಿಬ್ಬರೇ. ಒಂದು ಪೆಟ್ಟಿಗೆ, ಎರಡು ಪುಸ್ತಕ, ಒಂದು ಮಗ್. ಬಾಗಿಲ ಹತ್ತಿರ ನಿಂತ.

"ನೀನು ಏಳು ಹಾಕಿದ್ದು ನಾನು ಅವತ್ತೇ ನೋಡಿದ್ದೆ. ಒಂದೇ ಗಾತ್ರದ ಮೊಟ್ಟೆ ಆರಿಸ್ತಾ ಇದ್ದದ್ದೂ ನೋಡಿದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಏಪ್ರನ್ ಹಾಕ್ಕೊಂಡೋನು ಏನು ಹೇಳಿದ್ರೂ ನೆಪ ಅಂತಾರೆ. ಅದು ನಿನಗೆ ಗೊತ್ತಿರಬೇಕು, ನಾನೇ ಕಲಿಸಿದ್ದು." ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಆ ಹುಡುಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ನೀನಾದರೂ ಹೇಳು."

ಹೊಟ್ಟೆಕಿಚ್ಚು. ಹೋಗುವಾಗಲೂ ಬಿಡಲಿಲ್ಲ.

ಏಳನ್ನು ಎರಡು ಮಾಡಬೇಕು ಅಂತ ನನಗೇ ಇತ್ತು. ಈಗ ಮಾಡಿದರೆ ಅವನು ಹೇಳಿದ್ದಕ್ಕೆ ಮಾಡಿದ ಹಾಗಾಗುತ್ತದೆ.

ಜುಲೈ 13, ಭಾನುವಾರ

ನಾಳೆ ಹೊಸ ಫಸ್ಟ್ ಇಯರ್‌ನವರು ಲ್ಯಾಬಿಗೆ ಬರುತ್ತಾರೆ. ಆಯ್ಕೆಯನ್ನು ಮೇಡಂ ನನಗೇ ಬಿಟ್ಟಿದ್ದರು. ಮಾತಿಗೊಂದು ಸಾರಿ ಅನ್ನುವ ಒಬ್ಬಳಿದ್ದಾಳೆ, ಕಿವಿ ನೋಯುತ್ತದೆ. ಆದರೂ ತೆಗೆದುಕೊಂಡೆ, ಹೇಳಿದ ಮಾತು ಕೇಳುತ್ತಾಳೆ. ಅವಳಿಗೆ ಕ್ಯಾಮೆರಾ.

ಮಧ್ಯಾಹ್ನ ಮೆಸ್ಸಿನಲ್ಲಿ ಜಿರಾಫೆ ಎದುರಾದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನನಗೆ ಅವಸರವಿತ್ತು, ಮುಂದೆ ಹೋದೆ.

ಅಮ್ಮ ಫೋನ್ ಮಾಡಿದ್ದಳು, ಎತ್ತಲಾಗಲಿಲ್ಲ. ದರ್ಜಿಯ ಅಂಗಡಿಯಲ್ಲಿದ್ದೆ. ಏಪ್ರನ್ನಿನ ಲಾಡಿ ಒಂದು ಕಡೆ ಕಿತ್ತುಹೋಗಿತ್ತು. ಆತ ಮೂಗು ಮುಚ್ಚಿಕೊಂಡು, "ಇದನ್ನ ಬಿಸಾಕಿ ಹೊಸದು ತಗೋಬಾರದಾ ಅಮ್ಮ?" ಅಂದ. ಇದೇ ಬೇಕು ಅಂದೆ. ತಂಡ ಅಂದ ಮೇಲೆ ಒಂದು ಪದ್ಧತಿ ಇರಬೇಕು.

ಹೊಸ ಲಾಡಿ ಹಳೆಯದಕ್ಕಿಂತ ಉದ್ದ, ಗಟ್ಟಿ. ಎರಡು ಗಂಟು ಆರಾಮಾಗಿ ಬೀಳುತ್ತದೆ. ಮಡಿಸಿ ನನ್ನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಸದ್ಯಕ್ಕೆ ಅದರಲ್ಲಿ ಇರುವುದು ಅದೊಂದೇ.